ಒಳ್ಳೆಯ ದೊರೆಯ ಋಣ

‘ಏನೇ ಹೇಳಿ, ಬ್ರಿಟಿಷರ ಕಾಲದಲ್ಲಿ ಕೆಲಸ ಅಚ್ಚುಕಟ್ಟಾಗಿ ನಡೀತಿತ್ತು.’ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಓಡಾಡುವವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಹೋದ ವರ್ಷ ಕಟ್ಟಿದ ಮೋರಿ ಈ ವರ್ಷ ಕೊಚ್ಚಿಹೋದಾಗ, ತಾಲ್ಲೂಕು ಕಚೇರಿಯಲ್ಲಿ ಕಡತ ಕದಲದಿದ್ದಾಗ ಇದು ತಾನಾಗಿ ಬಾಯಿಗೆ ಬರುತ್ತದೆ. ಹೀಗೆನ್ನುವವರು ಪರದೇಶಿ ಆಳ್ವಿಕೆ ಮರಳಿ ಬರಲಿ ಎಂದು ಹಂಬಲಿಸುವವರೇನಲ್ಲ. ಕಣ್ಣೆದುರಿನ ಆಡಳಿತದ ಮೇಲಿನ ಬೇಸರ ಹೀಗೆ ಹೊರಬರುತ್ತದೆ ಅಷ್ಟೆ. ಆದರೂ ಆ ಮಾತಿನೊಳಗೆ ತಳ್ಳಿಹಾಕಲಾಗದ ಒಂದು ಪ್ರಶ್ನೆ ಇದೆ. ನಮ್ಮನ್ನು ಕೇಳದೆಯೇ ನಮ್ಮನ್ನು ಚೆನ್ನಾಗಿ ಆಳಿದವರಿಗೆ ನಾವು ಋಣಿಗಳೇ?

‘ಅವರು ಆಳಲಿಲ್ಲ, ದೋಚಿದರು’ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಅದು ಬಹುಪಾಲು ನಿಜವೂ ಹೌದು. ಆದರೆ ಆ ಉತ್ತರ ಪ್ರಶ್ನೆಯನ್ನು ಎದುರಿಸದೆ ಪಕ್ಕಕ್ಕೆ ಸರಿಯುತ್ತದೆ. ದೋಚದ, ದುಡಿದ, ಮನಸ್ಸಿಟ್ಟು ಕೆಲಸ ಮಾಡಿದ ಅಧಿಕಾರಿಯೊಬ್ಬ ಇದ್ದನೆಂದೇ ಇಟ್ಟುಕೊಳ್ಳೋಣ. ಆಗ ಏನು ಹೇಳುತ್ತೇವೆ?

ಇದನ್ನು ಪರೀಕ್ಷಿಸಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗವಿಲ್ಲ. 1831ರಲ್ಲಿ ನಗರದ ರೈತರ ದಂಗೆಯನ್ನು, ಅರಸರ ದುರಾಡಳಿತವನ್ನು ಕಾರಣವಾಗಿ ತೋರಿಸಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರು. 1881ರಲ್ಲಿ ಒಡೆಯರ ಮನೆತನಕ್ಕೆ ಹಿಂದಿರುಗಿಸಿದರು. ನಡುವಿನ ಐವತ್ತು ವರ್ಷ ಕಮಿಷನರುಗಳ ಕಾಲ. ಅವರೆಲ್ಲರೂ ಕೆಟ್ಟವರಾಗಿರಲಿಲ್ಲ. 1834ರಿಂದ 1861ರವರೆಗೆ ಇಲ್ಲೇ ಬೇರುಬಿಟ್ಟು ಕುಳಿತ ಮಾರ್ಕ್ ಕಬ್ಬನ್ ಹೆಸರನ್ನು ಬೆಂಗಳೂರು ಇಂದಿಗೂ ಒಂದು ಉದ್ಯಾನದಲ್ಲಿ ಉಳಿಸಿಕೊಂಡಿದೆ.

ಆ ಐವತ್ತು ವರ್ಷಗಳ ಕೊನೆಯಲ್ಲಿ, 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳ ಮಹಾಬರ ಬಂತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಅದು 41,86,188. ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಇಳಿದಿತ್ತು. ವೈಸ್‌ರಾಯ್ ಲಿಟ್ಟನ್ 1877ರ ಸೆಪ್ಟೆಂಬರಿನಲ್ಲಿ ಸ್ವತಃ ಮೈಸೂರಿಗೆ ಬಂದ. ಬರ ಪರಿಹಾರಕ್ಕೆಂದು ಉತ್ತರದಿಂದ ಚಾರ್ಲ್ಸ್ ಎಲಿಯಟ್‌ನನ್ನು ಕರೆಸಿದ. ಗಂಜಿಕೇಂದ್ರಗಳಿದ್ದ ಜನರನ್ನು ದೊಡ್ಡ ಕಾಮಗಾರಿಗಳಿಗೆ ಹಚ್ಚುವ ಪದ್ಧತಿ ಬಿಗಿಯಾಯಿತು. ಅಂಥ ಕಾಮಗಾರಿಗಳಲ್ಲಿ ಒಂದು ಬೆಂಗಳೂರು–ಮೈಸೂರು ರೈಲುದಾರಿ. ಮದ್ದೂರು, ಮಂಡ್ಯಗಳನ್ನು ಹಾದು 1882ರಲ್ಲಿ ರೈಲು ಮೈಸೂರು ಮುಟ್ಟಿತು.

‘ಬ್ರಿಟಿಷರು ರೈಲು ಕೊಟ್ಟರು’ ಎನ್ನುತ್ತೇವಲ್ಲ, ಆ ‘ಕೊಟ್ಟರು’ ಎಂಬ ಕ್ರಿಯಾಪದದ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬೇಕು. ಏರಿಗೆ ಮಣ್ಣು ಹೊತ್ತವರು ಹಸಿದವರು. ಖರ್ಚಾದದ್ದು ಸಂಸ್ಥಾನದ ಹಣ, ಎಂದರೆ ರೈತರು ಕಟ್ಟಿದ ಕಂದಾಯ. ಅದು ಸಾಲದೆ ಬಂದಾಗ ಭಾರತ ಸರ್ಕಾರ ಕೊಟ್ಟದ್ದು ದಾನವಲ್ಲ, ಸಾಲ. 1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ ಮೈಸೂರಿನ ತಲೆಯ ಮೇಲೆ ಬರದ ಬಾಬ್ತಿನ ಸಾಲ 80 ಲಕ್ಷ ರೂಪಾಯಿ ಇತ್ತು. ಸಾಲದ್ದಕ್ಕೆ, ವರ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷವಿದ್ದ ಪೊಗದಿಯನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಅದೇ ಹಸ್ತಾಂತರ ಪತ್ರದಲ್ಲಿ ಸೇರಿತು. ಸಂಸ್ಥಾನದ ಸ್ಥಿತಿ ನೋಡಿ ವಸೂಲಿಯನ್ನಷ್ಟೇ ಕೆಲವು ವರ್ಷ ಮುಂದಕ್ಕೆ ಹಾಕಿದರು. ಬರದಲ್ಲಿ ಬದುಕುಳಿದವರು ತಮಗೆ ಸಿಕ್ಕ ಗಂಜಿಯ ಬೆಲೆಯನ್ನು ತಾವೇ ತೆತ್ತರು. ಋಣ ಎಂಬ ಮಾತಿಗೆ ಇಲ್ಲಿ ಏನಾದರೂ ಅರ್ಥವಿದ್ದರೆ, ಅದು ಮಣ್ಣು ಹೊತ್ತವರ ಕಡೆಗೆ ಹರಿಯಬೇಕು.

‘ಸರಿ, ಹಣ ನಮ್ಮದೇ, ಆದರೆ ಯೋಜನೆ, ಬುದ್ಧಿ, ಶಿಸ್ತು ಅವರದಲ್ಲವೇ?’ ಎಂದು ಕೇಳಬಹುದು. ಆಳುವವರು ಆಳಿಸಿಕೊಳ್ಳುವವರ ಪೋಷಕರು, ಮಗುವಿನ ಆಸ್ತಿಯನ್ನು ನೋಡಿಕೊಳ್ಳುವವರಂತೆ ಎಂಬ ವಾದವಿದು. ಇದು ಮೈಸೂರಿಗಾಗಿ ಹುಟ್ಟಿದ್ದಲ್ಲ. ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಕೆರಿಬಿಯನ್ ಕಡಲಿನ ಕಬ್ಬಿನ ದ್ವೀಪಗಳಲ್ಲಿ, ಅದೇ ದಶಕಗಳಲ್ಲಿ ಇದೇ ವಾದ ನಡೆದಿತ್ತು. ಅದು ಎಲ್ಲಿಗೆ ಮುಟ್ಟಿತು ಎಂಬುದು ಅಲ್ಲಿ ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಜಮೈಕಾದಲ್ಲಿ ಗುಲಾಮಗಿರಿ 1830ರ ದಶಕದಲ್ಲೇ ಕೊನೆಗೊಂಡಿತ್ತು. ಭೂಮಿ ಮಾತ್ರ ತೋಟದ ಒಡೆಯರ ಕೈಯಲ್ಲೇ ಉಳಿದಿತ್ತು. 1865ರಲ್ಲಿ ಸೇಂಟ್ ಆನ್ ಪ್ರಾಂತ್ಯದ ಬಡವರು ವಿಕ್ಟೋರಿಯಾ ರಾಣಿಗೆ ಅರ್ಜಿ ಬರೆದುಕೊಂಡರು: ಸರ್ಕಾರಿ ಜಮೀನು ಕೊಡಿ, ಉತ್ತು ಬದುಕುತ್ತೇವೆ. ಬಂದ ಉತ್ತರದ ಸಾರ ಇಷ್ಟು: ಸೋಮಾರಿತನ ಬಿಟ್ಟು ಕೂಲಿಗೆ ಹೋಗಿ ದುಡಿಯಿರಿ. ಗವರ್ನರ್ ಐರ್ ಇದನ್ನು ‘ರಾಣಿಯ ಬುದ್ಧಿವಾದ’ವೆಂದು ದ್ವೀಪದ ತುಂಬ ಹಂಚಿಸಿದ. ಅದೇ ಅಕ್ಟೋಬರಿನಲ್ಲಿ ಮೊರಾಂಟ್ ಬೇ ಎಂಬಲ್ಲಿ ಪಾಲ್ ಬೋಗಲ್ ಮುಂದಾಳುತನದಲ್ಲಿ ಜನ ದಂಗೆ ಎದ್ದರು. ಐರ್ ಸೇನಾ ಕಾನೂನು ಹೇರಿದ. 400ಕ್ಕೂ ಹೆಚ್ಚು ಜನರ ಪ್ರಾಣ ಹೋಯಿತು, ಸುಮಾರು ಸಾವಿರ ಮನೆಗಳನ್ನು ಸುಡಲಾಯಿತು.

ಮರುವರ್ಷ ಅಲ್ಲಿನ ಶಾಸನಸಭೆ ತನ್ನನ್ನು ತಾನೇ ರದ್ದು ಮಾಡಿಕೊಂಡು, ಜಮೈಕಾ ನೇರವಾಗಿ ರಾಣಿಯ ಅಧೀನದ ವಸಾಹತಾಯಿತು. ಇದನ್ನು ಸಮರ್ಥಿಸಿದವರ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. 4 ಲಕ್ಷಕ್ಕೂ ಹೆಚ್ಚು ಜನರಿದ್ದ ದ್ವೀಪದಲ್ಲಿ ಮತದ ಹಕ್ಕಿದ್ದವರು ಹೆಚ್ಚುಕಡಿಮೆ 2,000 ಮಂದಿ. ಅಂಥ ಸಭೆಗಿಂತ ಯಾರ ಪಕ್ಷವನ್ನೂ ವಹಿಸದ ಅಧಿಕಾರಿ ಬಡವರಿಗೆ ಮೇಲು ಎಂಬುದು ಅವರ ನಂಬಿಕೆ. ಮುಂದೆ ಆಸ್ಪತ್ರೆ, ರಸ್ತೆ, ಶಾಲೆಗಳೂ ಬಂದವು. ಆದರೆ ಬಡವರು ಕೇಳಿದ್ದ ಭೂಮಿ? ಯೂರೋಪಿನ ಬೀಟ್ ಸಕ್ಕರೆಯ ಹೊಡೆತಕ್ಕೆ ತೋಟಗಳು ನೆಲಕಚ್ಚಿದ ಮೇಲೆ, 1897ರಲ್ಲಿ ಹೆನ್ರಿ ನಾರ್ಮನ್ ಅಧ್ಯಕ್ಷತೆಯ ರಾಯಲ್ ಕಮಿಷನ್ ಒಂದು ಸಲಹೆ ಕೊಟ್ಟಿತು: ಕೂಲಿಗಳನ್ನು ಸಣ್ಣ ಹಿಡುವಳಿದಾರರನ್ನಾಗಿ ನೆಲೆಗೊಳಿಸಿ. ಈ ನಾರ್ಮನ್ ಭಾರತದಲ್ಲಿ ವೈಸ್‌ರಾಯ್ ಮಂಡಲಿಯ ಸದಸ್ಯನಾಗಿದ್ದವನು, ಜಮೈಕಾದ ಗವರ್ನರೂ ಆಗಿದ್ದವನು. ಉಳುವವರು ಕೇಳಿದಾಗ ಸೋಮಾರಿತನ ಎನಿಸಿಕೊಂಡದ್ದು 32 ವರ್ಷದ ಮೇಲೆ ತಜ್ಞರ ಬಾಯಲ್ಲಿ ವಿವೇಕವಾಯಿತು. ಮಾತು ಹೆಚ್ಚುಕಡಿಮೆ ಅದೇ, ಆಡಿದ ಬಾಯಿ ಬೇರೆ. ನಡುವಿನ ಆ 32 ವರ್ಷಗಳನ್ನು ಯಾವ ಆಸ್ಪತ್ರೆಯ ಲೆಕ್ಕದಲ್ಲಿ ವಜಾ ಮಾಡುವುದು?

ಐರ್‌ನನ್ನು ಕೊಲೆಯ ಆಪಾದನೆಯ ಮೇಲೆ ಕಟಕಟೆಗೆ ತರಲು ಲಂಡನ್ನಿನಲ್ಲಿ ಹೋರಾಡಿದ ಸಮಿತಿಯ ಮುಂಚೂಣಿಯಲ್ಲಿದ್ದವನು ಜಾನ್ ಸ್ಟೂವರ್ಟ್ ಮಿಲ್. ಅವನು ಗೆಲ್ಲಲಿಲ್ಲ, ಅವನ ನಿಲುವು ಮಾತ್ರ ದೊಡ್ಡದು. ಅದೇ ಮಿಲ್ 35 ವರ್ಷ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗಿ. ಬಹುಕಾಲ ದೇಶೀ ಸಂಸ್ಥಾನಗಳ ಪತ್ರವ್ಯವಹಾರವೇ ಅವನ ಕೆಲಸ. ಸ್ವಾತಂತ್ರ್ಯವನ್ನು ಕುರಿತ 1859ರ ತನ್ನ ಪ್ರಸಿದ್ಧ ಪುಸ್ತಕದಲ್ಲಿ, ‘ಹಿಂದುಳಿದ’ ಸಮಾಜಗಳಿಗೆ ಈ ತತ್ವ ಅನ್ವಯಿಸುವುದಿಲ್ಲ, ಉದ್ಧಾರವೇ ಗುರಿಯಾಗಿದ್ದರೆ ಅಲ್ಲಿ ನಿರಂಕುಶ ಆಳ್ವಿಕೆ ಸರಿ ಎಂದು ಅವನು ವಾದಿಸಿದ್ದಾನೆ. ಇದನ್ನು ಬರಿಯ ಬೂಟಾಟಿಕೆ ಎಂದು ನಾನು ಓದಲಾರೆ. ಅಧಿಕಾರ ಕ್ರೂರವಾದಾಗ ಅವನಿಗೆ ತಪ್ಪು ಕಂಡಿತು, ದಯಾಳುವಾಗಿದ್ದಾಗ ಕಾಣಲಿಲ್ಲ. ನಮ್ಮಲ್ಲಿ ಬಹುತೇಕರ ಕಣ್ಣೂ ಅಷ್ಟೇ.

ದಯೆ ಮತ್ತು ಹೊಣೆ ಬೇರೆ ಬೇರೆ. 1877ರಲ್ಲಿ ಖರ್ಚು ತಗ್ಗಿಸಲು ಮದರಾಸಿಗೆ ಬಂದ ರಿಚರ್ಡ್ ಟೆಂಪಲ್, ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಾಣೆ ಸಾಕೆಂದ. ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಷ್ ಇಷ್ಟರಲ್ಲಿ ಜೀವ ಉಳಿಯದು ಎಂದು ಪಟ್ಟುಹಿಡಿದು ಬರೆದ. ಕೆಲವು ತಿಂಗಳಲ್ಲಿ ಕೂಲಿ ಏರಿತು. ಕಾರ್ನಿಷ್ ದೊಡ್ಡ ಮನುಷ್ಯ, ಸಂದೇಹವಿಲ್ಲ. ಆದರೆ ಆ ವಾದ–ಪ್ರತಿವಾದ ನಡೆದದ್ದು ಇಬ್ಬರು ಇಂಗ್ಲಿಷ್ ಅಧಿಕಾರಿಗಳ ನಡುವೆ. ಒಂದು ಪೌಂಡ್ ತಿಂದು ಕಲ್ಲು ಒಡೆಯುತ್ತಿದ್ದವನಿಗೆ ಅದರಲ್ಲಿ ಜಾಗವಿರಲಿಲ್ಲ. ಕಾರ್ನಿಷ್ ಇದ್ದದ್ದು ಅವನ ಅದೃಷ್ಟ. ಅದೃಷ್ಟವನ್ನು ನೆಚ್ಚಿ ಬದುಕಬೇಕಾದದ್ದೇ ಅವನಿಗಾದ ಅನ್ಯಾಯ. ಪತ್ರಿಕೆಗಳಿಗೆ ಬಾಯಿದ್ದು, ಚುನಾವಣೆ ನಡೆಯುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲ ಎಂದು ಅಮರ್ತ್ಯ ಸೇನ್ ಹೇಳುವುದು ಇದೇ ಕಾರಣಕ್ಕೆ.

ಇಷ್ಟು ಹೇಳಿ ನಿಲ್ಲಿಸಿದರೆ ನಮಗೆ ಹಿತವಾಗಿರುತ್ತದೆ. ಆದರೆ ಪ್ರಶ್ನೆ ನಮ್ಮವರ ಕಡೆಗೂ ತಿರುಗುತ್ತದೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿತು. ತಂತಿ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಪಕ್ಕದ ಹಳ್ಳಿಗಲ್ಲ. ಕನ್ನಂಬಾಡಿ ಕಟ್ಟೆ ಮಂಡ್ಯದ ಬಯಲನ್ನು ಹಸಿರು ಮಾಡಿತು. ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು. ವೈಸ್‌ರಾಯ್ ಹೆಸರಿನಲ್ಲಿದ್ದ ಇರ್ವಿನ್ ನಾಲೆಗೆ ಈಗ ವಿಶ್ವೇಶ್ವರಯ್ಯನವರ ಹೆಸರು. ಹೆಸರು ಬದಲಾದದ್ದು ನ್ಯಾಯವೇ. ಅವರ ಫೋಟೊಗೆ ಹೂವು ಮುಡಿಸುವ ರೈತನ ಕೃತಜ್ಞತೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಆದರೆ ನೀರು ಯಾರ ಗದ್ದೆಗೆ, ಮುಳುಗಡೆ ಯಾರ ಊರಿಗೆ ಎಂಬ ತೀರ್ಮಾನದಲ್ಲಿ ಆ ಊರಿನವರಿಗೆ ಪಾಲಿರಲಿಲ್ಲ ಎಂಬುದೂ ಅಷ್ಟೇ ನಿಜ.

ಈ ಮಾತನ್ನು ನಮ್ಮ ಹಿರಿಯರು ನಮಗಿಂತ ಮೊದಲೇ ಅರಿತಿದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಸಾವಿರಾರು ಜನ ಸೇರಿ, ನಿಷೇಧವನ್ನು ಮೀರಿ ಬಾವುಟ ಹಾರಿಸಿದರು. ಟಿ. ಸಿದ್ಧಲಿಂಗಯ್ಯ ಮೊದಲಾದವರು ಬಂಧನಕ್ಕೆ ಒಳಗಾದರು. ಆಗ ಗದ್ದುಗೆಯಲ್ಲಿದ್ದವರು ನಾಲ್ವಡಿ ಕೃಷ್ಣರಾಜ ಒಡೆಯರು. ನಾಲೆ ಬಂದಿತ್ತು, 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಿತ್ತು, ಇಡೀ ದೇಶವೇ ಮೈಸೂರನ್ನು ಮಾದರಿ ಸಂಸ್ಥಾನವೆಂದು ಹೊಗಳುತ್ತಿತ್ತು. ಆದರೂ ಅವರು ಕೇಳಿದ್ದು ಒಳ್ಳೆಯ ಸರ್ಕಾರವನ್ನಲ್ಲ, ‘ಜವಾಬ್ದಾರಿ ಸರ್ಕಾರ’ವನ್ನು. ಅವರು ದೊರೆಯನ್ನು ದ್ವೇಷಿಸಿದವರಲ್ಲ, ಉಂಡದ್ದನ್ನು ಮರೆತವರೂ ಅಲ್ಲ. ಉಂಡವನಿಗೂ ಲೆಕ್ಕ ಕೇಳುವ ಹಕ್ಕಿದೆ ಎಂದರು, ಅಷ್ಟೆ.

ಆ ಹಕ್ಕು ಈಗ ಕಾಗದದ ಮೇಲೆ ನಮ್ಮದಾಗಿದೆ. ಆದರೂ ಸರ್ಕಾರಿ ಸಮಾರಂಭಗಳ ವೇದಿಕೆಯಿಂದ ನಮ್ಮನ್ನು ಕರೆಯುವ ಹೆಸರು ‘ಫಲಾನುಭವಿಗಳು’. ನಾವೇ ಕಟ್ಟಿದ ತೆರಿಗೆಯಲ್ಲಿ ಬಂದದ್ದನ್ನು ಯಾರೋ ಕೊಟ್ಟರೆಂದು ಕೈಮುಗಿದು ಪಡೆಯುವುದು ಅಭ್ಯಾಸವಾಗಿಬಿಟ್ಟಿದೆ. ‘ಬ್ರಿಟಿಷರ ಕಾಲವೇ ವಾಸಿ’ ಎಂಬ ಮಾತು ಬೇರುಬಿಟ್ಟಿರುವುದು ಇದೇ ಮಣ್ಣಿನಲ್ಲಿ. ಕೊಡುವ ಕೈಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವವರು, ಕೊಡಲು ಅದು ಯಾರ ಗಂಟು ಎಂದು ಕೇಳುವುದನ್ನು ಮರೆತಿರುತ್ತಾರೆ.