ಕಲಂಕವಿಚಾರ

ನಂಜನಗೂಡಿನ ನಂಜುಂಡೇಶ್ವರನ ಕೊರಳ ಕಪ್ಪನ್ನು ಭಕ್ತರು ಭೂಷಣವೆನ್ನುವರು. ಆತನ ಮುಡಿಯ ಚಂದ್ರನಲ್ಲಿರುವ ಕಪ್ಪನ್ನಾದರೋ ಕವಿಗಳು ಕಲಂಕವೆನ್ನುವರು. ಒಂದೇ ಮೂರ್ತಿಯಲ್ಲಿ ಈ ಪಕ್ಷಪಾತವೇಕೆ?

ಚಂದ್ರನು ಸುಮಾರು 450 ಕೋಟಿ ವರ್ಷಗಳ ಹಿಂದೆ ಕರಗಿದ ಶಿಲೆಯ ಕಡಲಾಗಿದ್ದನೆಂದು ವಿಜ್ಞಾನಿಗಳ ಮತ. ಅದು ಆರುತ್ತ ಬಂದಂತೆ ಕಬ್ಬಿಣ, ಮೆಗ್ನೀಸಿಯಂಗಳಿಂದ ಭಾರವಾದ ಹರಳುಗಳು ತಳಕ್ಕಿಳಿದುವು; ಕ್ಯಾಲ್ಸಿಯಂ, ಅಲ್ಯುಮಿನಿಯಂಗಳುಳ್ಳ ಹಗುರವಾದ ಬಿಳಿಯ ಹರಳುಗಳು ತೇಲಿ ಮೇಲ್ಪದರವಾದುವು. 2023ರಲ್ಲಿ ಚಂದ್ರಯಾನ-3ರ ಪ್ರಜ್ಞಾನ ಬಂಡಿಯು ಅಲ್ಲಿಯ ಮಣ್ಣನ್ನು ಪರೀಕ್ಷಿಸಿದಾಗ ಈ ಮತಕ್ಕೆ ಪುಷ್ಟಿ ದೊರೆಯಿತು. ಮುಳುಗಿದ ಪಾಲಾದರೋ ಒಳಗಿನ ವಿಕಿರಣದ ಕಾವಿನಿಂದ ಭಾಗಶಃ ಮತ್ತೆ ಕರಗಿ, ಬಿರುಕುಗಳಲ್ಲಿ ಉಕ್ಕಿ, ತಗ್ಗುಗಳಲ್ಲಿ ಹರಡಿ ಕರಿಯ ಬಸಾಲ್ಟ್ ಶಿಲೆಯಾಯಿತು. 1969ರಲ್ಲಿ ಅಪೊಲೊ-11ರವರು ತಂದ ಕಲ್ಲುಗಳಲ್ಲಿ ಇದೂ ಇತ್ತು. ಲೋಕವು ಮೊಲವೆಂದು ತೋರಿಸುವುದು ಇದನ್ನೇ.

ತಿರುಮಕೂಡಲಿನಲ್ಲಿ ಕಪಿಲೆ ಕಾವೇರಿಗಳೆರಡು ಕೂಡಿ ಒಂದಾಗುತ್ತವೆ. ಚಂದ್ರನಲ್ಲಿ ಒಂದೇ ದ್ರವವು ಒಡೆದು ಎರಡಾಯಿತು. ಹಾಗಿರಲು ಬಿಳುಪಿಗೆ ಹೊಗಳಿಕೆ, ಕಪ್ಪಿಗೆ ತೆಗಳಿಕೆ ಯಾವ ನ್ಯಾಯ? ಒಡಹುಟ್ಟಿದವರಲ್ಲಿ ಕಪ್ಪು ಮೈಯ ಮಗಳನ್ನು ಹೀಗಳೆಯುವ ಮನೆಗಳು ಇಂದಿಗೂ ಇರುವುದರಿಂದ ಇದು ಬರಿಯ ಅಲಂಕಾರಶಾಸ್ತ್ರದ ಪ್ರಶ್ನೆಯಲ್ಲ.

ಗುಣದೋಷವಿವೇಕವೇ ಬೇಡವೆ ಎಂದು ಕೇಳಬಹುದು. ಬೇಕು, ಆದರೆ ಸಂಕಲ್ಪವಿದ್ದೆಡೆಯಲ್ಲಿ. ಶಿವನು ನಂಜನ್ನು ತಿಳಿದೇ ಕುಡಿದನು. ಆ ಕಪ್ಪು ಆತನ ಕಾರ್ಯದ ಗುರುತು. ಚಂದ್ರನು ಏನನ್ನೂ ಮಾಡಲಿಲ್ಲ. ಅವನಿಗೆ ಕಲಂಕವನ್ನು ಹೊರಿಸಿದುದು ಕವಿಗಳ ಆತುರ.