ತುಕ್ಕಿನ ಮೇಲೆ ಹೊಸ ತಗಡು



ನಿಮ್ಮ ಮನೆಯ ಹಿಂದಿನ ಕೊಟ್ಟಿಗೆಯಲ್ಲೋ ಶೆಡ್ಡಿನಲ್ಲೋ ಹಳೆಯ ಜೀಪೊಂದು ನಿಂತಿದೆಯೇ? ಮಲೆನಾಡಿನ ಹಾಗೂ ಕೊಡಗಿನ ತೋಟದ ಮನೆಗಳಲ್ಲಿ ಈ ಪ್ರಶ್ನೆಗೆ ಹೌದು ಎನ್ನುವವರು ಇನ್ನೂ ಇದ್ದಾರೆ. ಚಕ್ರಗಳ ಗಾಳಿ ಇಳಿದಿರುತ್ತದೆ, ಸೀಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿರುತ್ತದೆ. ಆದರೂ ಗುಜರಿಗೆ ಕೊಡಲು ಮನಸ್ಸು ಬಾರದು. "ಅಪ್ಪನ ಗಾಡಿ, ಫಾದರ್" ಎನ್ನುತ್ತಾರೆ. ಅಂಥದೊಂದು ಜೀಪಿನ ಬಗ್ಗೆ, ಅದನ್ನು ಮನೆಯಲ್ಲೇ ಸರಿಪಡಿಸಲು ಹೊರಟ ತಂದೆ ಮಗನ ಬಗ್ಗೆ, ಆ ಕೆಲಸದಲ್ಲಿ ತಪ್ಪು ಸಲಹೆ ಕೊಟ್ಟ ಒಬ್ಬ ಧರ್ಮಗುರುವಿನ ಬಗ್ಗೆ ಇಂದು ಬರೆಯುತ್ತಿದ್ದೇನೆ. ಆ ಗುರು ನಾನೇ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಮದ್ದುಗುಂಡು ಹೊತ್ತದ್ದೂ ಅದೇ, ಗಾಯಾಳುಗಳನ್ನು ಹೊತ್ತದ್ದೂ ಅದೇ. ಅದರ ಬಾನೆಟ್ಟನ್ನೇ ಪೀಠವಾಗಿಸಿಕೊಂಡು ಸೈನ್ಯದ ಗುರುಗಳು ಬಲಿಪೂಜೆ ಅರ್ಪಿಸುತ್ತಿರುವ ಚಿತ್ರಗಳನ್ನು ನೀವು ನೋಡಿರಬಹುದು. ಯುದ್ಧ ಮುಗಿದ ಬಳಿಕ ಅದು ಹೊಲ ತೋಟಗಳಿಗೆ ಬಂತು. 1945ರಲ್ಲಿ ಸ್ಥಾಪನೆಯಾದ ನಮ್ಮ ದೇಶದ ಮಹೀಂದ್ರ ಕಂಪನಿ ಸ್ವಾತಂತ್ರ್ಯಾನಂತರ ವಿಲ್ಲೀಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. 1953ರಲ್ಲಿ ಬಂದ ಸಿಜೆ-3ಬಿ ಎಂಬ ಮಾದರಿ ನಮಗೆ ಚಿರಪರಿಚಿತ. ಎತ್ತರದ ಹರಿಕೇನ್ ಎಂಜಿನ್ ಕೂರಲೆಂದು ಬಾನೆಟ್ ಎತ್ತರಿಸಿದ ಗಾಡಿ ಅದು. ಗೇರಿನ ಪಕ್ಕದಲ್ಲಿ ಇನ್ನೆರಡು ಸಣ್ಣ ಲಿವರ್‌ಗಳು. ಒಂದು ಮುಂದಿನ ಚಕ್ರಗಳಿಗೂ ಶಕ್ತಿ ಕೊಡುತ್ತದೆ, ಇನ್ನೊಂದು ಕಡಿದಾದ ಏರಿಗೆ ಬೇಕಾದ ನಿಧಾನ ಬಲವನ್ನು ಕೊಡುತ್ತದೆ.

ನನ್ನ ಹಿಂದಿನ ಧರ್ಮಕೇಂದ್ರವಿದ್ದದ್ದು ಕಾಫಿ ತೋಟಗಳ ನಡುವೆ. ಅಲ್ಲಿನ ಒಂದು ಕುಟುಂಬದ ಅಜ್ಜ 1960ರ ದಶಕದಲ್ಲಿ ಇಂಥ ಜೀಪು ಕೊಂಡಿದ್ದರು. ಆಗ ಮಳೆಗಾಲದಲ್ಲಿ ಆ ಊರಿಗೆ ಬಸ್ಸು ಬರುತ್ತಿರಲಿಲ್ಲ. ಹೆರಿಗೆ ನೋವು ಬಂದವರು, ಹಾವು ಕಚ್ಚಿದವರು, ರೋಗಿಗಳಿಗೆ ಅಭ್ಯಂಗ ನೀಡಲು ಹೊರಟ ಗುರುಗಳು, ಎಲ್ಲರೂ ಹತ್ತಿದ್ದು ಆ ಜೀಪನ್ನೇ. ಅಜ್ಜ ತೀರಿಕೊಂಡ ಮೇಲೆ ಅದು ಶೆಡ್ಡು ಸೇರಿತು.

ನಾನು ಅಲ್ಲಿಗೆ ಹೋದಾಗ ಆ ಮನೆಯ ತಂದೆಗೂ ಮಗನಿಗೂ ಮಾತಿರಲಿಲ್ಲ. ಮಗ ತೋಟ ಬಿಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದ, ಹೇಳದೆ ಹೋಗಿದ್ದ. ರಜೆಗೆ ಬಂದರೂ ಅವರ ಮಾತೆಲ್ಲ ತಾಯಿಯ ಮೂಲಕವೇ. "ಊಟಕ್ಕೆ ಬರಲು ಹೇಳು ಅವನಿಗೆ." "ಆಮೇಲೆ ಮಾಡ್ತೇನೆ ಅಂತ ಹೇಳಮ್ಮ." ಇಬ್ಬರೂ ಪ್ರೀತಿಸುವ ವಸ್ತು ಮನೆಯಲ್ಲಿ ಆ ಜೀಪೊಂದೇ. ಅದನ್ನು ಸರಿಪಡಿಸೋಣವೆಂದು ಮಗ ಹೇಳಿದ, ತಂದೆ ಒಪ್ಪಿದರು. ತಾಯಿ ಆ ದಿನ ಮಾತೆ ಮರಿಯಮ್ಮನವರಿಗೆ ಮೇಣದ ಬತ್ತಿ ಹಚ್ಚಿದರು.

ಆದರೆ ಕೆಲಸ ಶುರುವಾದ ಮೂರನೆಯ ವಾರಕ್ಕೇ ಜಗಳ ಹೊಸದಾಗಿ ಹೊತ್ತಿಕೊಂಡಿತು. ತಂದೆಯ ಹಠ, ಅಪ್ಪ ಬಿಟ್ಟುಹೋದ ಹಾಗೆಯೇ ಇರಬೇಕು, ಒಂದು ಬೋಲ್ಟೂ ಬದಲಾಗಬಾರದು. ಮಗನಿಗೆ ಡೀಸೆಲ್ ಎಂಜಿನ್ ಬೇಕು, ಅಗಲದ ಟೈರು ಬೇಕು, ಹೊಸ ಬ್ರೇಕು ಬೇಕು. "ಫಾದರ್, ನೀವೇ ನ್ಯಾಯ ಹೇಳಿ" ಎಂದು ನನ್ನನ್ನು ಶೆಡ್ಡಿಗೆ ಕರೆದರು.

ನಾನು ಹೇಳಿದ್ದೇನು ಗೊತ್ತೇ? "ಜಗಳ ಬಿಡಿ. ಧರ್ಮಕೇಂದ್ರದ ಹಬ್ಬಕ್ಕೆ ಎರಡು ತಿಂಗಳಿದೆ. ಅಷ್ಟರಲ್ಲಿ ಗಾಡಿ ಸಿದ್ಧವಾಗಲಿ, ಈ ಸಲ ನಮ್ಮ ತೇರನ್ನು ಅಜ್ಜನ ಜೀಪೇ ಎಳೆಯಲಿ." ಎಲ್ಲರಿಗೂ ಸಂತೋಷವಾಯಿತು. ಶಾಂತಿ ಮಾಡಿಸಿದೆನೆಂದು ನಾನೂ ಹಿಗ್ಗಿದೆ. ಯಾವ ಪ್ರಶ್ನೆಗೂ ಉತ್ತರ ಕೊಡದೆ, ಎಲ್ಲದರ ಮೇಲೂ ಒಂದು ತಾರೀಖನ್ನು ಹೇರಿ ಬಂದಿದ್ದೆ.

ಅವಸರದಲ್ಲಿ ಏನಾಗಬೇಕೋ ಅದೇ ಆಯಿತು. ಕಾಲಿಡುವ ಜಾಗದ ತಗಡು ತುಕ್ಕು ತಿಂದಿತ್ತು. ಅದರ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರು. ಹಳೆಯ ಬ್ರೇಕಿಗೆ ಹೊಸ ಎಣ್ಣೆ ತುಂಬಿ ಬಿಟ್ಟರು. ಹೊರಗಿನಿಂದ ನೋಡಿದರೆ ಗಾಡಿ ಮದುವೆಯ ಮನೆಯ ಹಾಗೆ ಹೊಳೆಯುತ್ತಿತ್ತು.

ಹಬ್ಬಕ್ಕೆ ಒಂದು ವಾರವಿರುವಾಗ ಮೂವರೂ ಹತ್ತಿ ಹೊರಟೆವು. ಮಗನೇ ಓಡಿಸುತ್ತಿದ್ದ. ದೇವಾಲಯದ ಕೆಳಗಿನ ಇಳಿಜಾರಿನಲ್ಲಿ ಬ್ರೇಕು ತುಳಿದಾಗ ಪೆಡಲ್ ನೇರ ಕೆಳಕ್ಕೆ ಹೋಯಿತು. ಎದುರಿಗೆ ಶಾಲೆ ಬಿಟ್ಟು ಬರುತ್ತಿದ್ದ ಮಕ್ಕಳು. ಹುಡುಗ ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗಾಡಿಯನ್ನು ಬಲಗಡೆಯ ಧರೆಗೆ ಕೊಟ್ಟು ನಿಲ್ಲಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು.

ತಂದೆ ಇಳಿದು ಬಂದು ಮಗನ ಭುಜ ಹಿಡಿದರು. "ಅಪ್ಪನ ಗಾಡಿ ಹಾಗೇ ಇರಲಿ ಅಂತ ಹಠ ಮಾಡಿದೆ. ನೀನೇ ಇಲ್ಲದಿದ್ದರೆ ಆ ಗಾಡಿ ಯಾರಿಗೆ ಮಾರಾಯ?" ಎಂದರು. ವರ್ಷಗಳ ನಂತರ ಮಗನಿಗೆ ನೇರವಾಗಿ ಹೇಳಿದ ಮೊದಲ ಮಾತು ಅದು. ನಾನು ಆ ಇಬ್ಬರಲ್ಲೂ ಅಲ್ಲೇ ಕ್ಷಮೆ ಕೇಳಿದೆ.

ಆ ವರ್ಷ ಜೀಪು ತೇರು ಎಳೆಯಲಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಿದರು. ಆ ಬಿಚ್ಚಿದ ದಿನಗಳಲ್ಲಿ ನಾನು ಕಲಿತ ಮೂರು ಪಾಠಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಬೇಕು. ಟಿಂಕರ್ ಕೆಲಸದವರು ತುಕ್ಕಿನ ಭಾಗದ ಸುತ್ತ ಒಳ್ಳೆಯ ತಗಡನ್ನೂ ಸ್ವಲ್ಪ ಕತ್ತರಿಸಿದಾಗ ತಂದೆ ಬೇಡವೆಂದರು. ಅವರು ಹೇಳಿದರು: "ತುಕ್ಕಿಗೆ ವೆಲ್ಡಿಂಗ್ ಹಿಡಿಯೋದಿಲ್ಲ ಅಣ್ಣ. ಬೆಂಕಿ ತಾಗಿದ ಕೂಡಲೇ ತೂತು ದೊಡ್ಡದಾಗುತ್ತೆ." ಹಳೆಯ ಬಟ್ಟೆಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರಕು ಇನ್ನೂ ಹೆಚ್ಚುತ್ತದೆಂದು ಪ್ರಭು ಯೇಸು ಎಚ್ಚರಿಸಿದ್ದು ನೆನಪಿಗೆ ಬಂತು (ಮಾರ್ಕ 2:21). ನಮ್ಮ ಮನೆಗಳಲ್ಲಿ ನಡೆಯುವ ಎಷ್ಟೋ ರಾಜಿಗಳು ಪುಟ್ಟಿಯ ಕೆಲಸ. ಹಬ್ಬಕ್ಕೆ ಒಂದಾಗುತ್ತೇವೆ, ಮದುವೆಗೆ ಒಂದಾಗುತ್ತೇವೆ, ಮಳೆ ಬಂದೊಡನೆ ಗುಳ್ಳೆ ಏಳುತ್ತದೆ. ಪಾಪನಿವೇದನೆಯಲ್ಲಿ ಧರ್ಮಸಭೆ ನಮ್ಮಿಂದ ಕೇಳುವುದು ಪಶ್ಚಾತ್ತಾಪವನ್ನು, ನಿವೇದನೆಯನ್ನು, ಪ್ರಾಯಶ್ಚಿತ್ತವನ್ನು. ಕೆರೆಯಬೇಕಾದಷ್ಟು ಕೆರೆದ ಮೇಲೆಯೇ ಬಣ್ಣ.

ಎರಡನೆಯದು, ಒಂದು ಚಕ್ರದ ಸೋರಿಕೆ ನಾಲ್ಕೂ ಚಕ್ರಗಳ ಬ್ರೇಕನ್ನು ಕಳೆಯಬಲ್ಲದು. ಹಳೆಯ ಜೀಪಿನಲ್ಲಿ ಬ್ರೇಕಿನ ಎಣ್ಣೆಗೆ ಒಂದೇ ದಾರಿ. ಎಡ ಹಿಂದಿನ ಚಕ್ರದೊಳಗಿನ ಒಂದು ಸಣ್ಣ ರಬ್ಬರ್ ಹರಿದದ್ದಕ್ಕೆ ಎಣ್ಣೆಯೆಲ್ಲ ಸೋರಿ, ಇಡೀ ಗಾಡಿ ಕೈಬಿಟ್ಟಿತ್ತು. ಒಂದು ಅಂಗ ನೊಂದರೆ ಎಲ್ಲ ಅಂಗಗಳೂ ನೋಯುತ್ತವೆಂಬ ಸಂತ ಪೌಲರ ಬೋಧನೆ (1 ಕೊರಿಂಥ 12:26) ನನಗೆ ಅಷ್ಟು ಸ್ಪಷ್ಟವಾಗಿ ಎಂದೂ ಅರ್ಥವಾಗಿರಲಿಲ್ಲ. ಮಾತು ಬಿಟ್ಟವರು ತಂದೆ ಮಗ, ಸೊರಗಿದವರು ತಾಯಿ.

ಮೂರನೆಯದು, ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು ಎಂಬ ವಿವೇಕ. ಹಡಗಿನ ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಿಸಿದರೆ ಅದು ಅದೇ ಹಡಗೇ ಎಂದು ಗ್ರೀಕರು ಕೇಳಿದ ಪ್ರಶ್ನೆಯನ್ನು ಸೆಮಿನರಿಯ ತತ್ತ್ವಶಾಸ್ತ್ರದ ತರಗತಿಯಲ್ಲಿ ಗಂಟೆಗಟ್ಟಲೆ ಚರ್ಚಿಸಿದ್ದೆವು. ಶೆಡ್ಡಿನಲ್ಲಿ ನನಗೆ ಅರಿಸ್ಟಾಟಲ್ ನೆರವಾದ. ಒಂದು ವಸ್ತು ಯಾತಕ್ಕಾಗಿ ಇದೆ ಎಂದು ಕೇಳು ಎನ್ನುತ್ತಾನೆ ಆತ. ಅಜ್ಜ ಈ ಜೀಪನ್ನು ಇಟ್ಟಿದ್ದು ಜನರನ್ನು ಕ್ಷೇಮವಾಗಿ ತಲುಪಿಸಲು. ಹಾಗಾದರೆ ಬ್ರೇಕು ಬದಲಿಸಿದರೆ ಅಜ್ಜನಿಗೆ ದ್ರೋಹವಾಗದು. ಬದಲಿಸದಿದ್ದರೇ ದ್ರೋಹ.

ಆದ್ದರಿಂದ ಹರಿಕೇನ್ ಎಂಜಿನ್ ಉಳಿಯಿತು, ಎರಡು ಲಿವರ್‌ಗಳು ಉಳಿದವು, ಬಾನೆಟ್ಟಿನ ಮೇಲೆ ಅಜ್ಜ ಮಾಡಿದ್ದ ತಗ್ಗೂ ಉಳಿಯಿತು. ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು ಎಂದು ಎರಡು ದಾರಿಗಳಿರುವ ಮಾಸ್ಟರ್ ಸಿಲಿಂಡರ್ ಬಂತು. ಸೀಟ್ ಬೆಲ್ಟ್ ಬಂತು, ಫ್ಯೂಸ್ ಇರುವ ಹೊಸ ವೈರಿಂಗ್ ಬಂತು. ಡೀಸೆಲ್ ಎಂಜಿನ್ನಿನ ಆಸೆಯನ್ನು ಮಗ ತಾನಾಗಿಯೇ ಬಿಟ್ಟ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸನ್ಯಾಸ ಸಭೆಗಳ ನವೀಕರಣದ ಬಗ್ಗೆ ಹೊರಡಿಸಿದ ಆದೇಶಪತ್ರವೂ ಇವೇ ಎರಡು ಹೆಜ್ಜೆಗಳನ್ನು ಹೇಳುತ್ತದೆ: ಮೂಲಕ್ಕೆ ಮರಳುವುದು, ಬದಲಾದ ಕಾಲಕ್ಕೆ ಹೊಂದಿಕೊಳ್ಳುವುದು. ಒಂದನ್ನು ಬಿಟ್ಟು ಇನ್ನೊಂದಿಲ್ಲ. ತನ್ನ ಭಂಡಾರದಿಂದ ಹೊಸದನ್ನೂ ಹಳೆಯದನ್ನೂ ಹೊರತರುವ ಮನೆಯ ಯಜಮಾನನನ್ನು ಯೇಸು ಮೆಚ್ಚಿ ಹೇಳಿದ್ದು ಸುಮ್ಮನೆ ಅಲ್ಲ (ಮತ್ತಾಯ 13:52).

ನಿಮ್ಮಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಕೆಲವು ಮಾತು ಕೇಳಿ. ಜಾಕ್ ಒಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡಿ, ಗಟ್ಟಿಯಾದ ಸ್ಟ್ಯಾಂಡ್ ಕೊಡಿ. ವೆಲ್ಡಿಂಗಿಗೆ ಮುಂಚೆ ಪೆಟ್ರೋಲ್ ಟ್ಯಾಂಕ್ ಇಳಿಸಿ, ಬ್ಯಾಟರಿ ಬಿಚ್ಚಿ. ಹಳೆಯ ಬ್ರೇಕಿನ ಧೂಳನ್ನು ಊದಬೇಡಿ, ಅದರಲ್ಲಿ ಪುಪ್ಪುಸಕ್ಕೆ ಹಾನಿಮಾಡುವ ಕಲ್ನಾರು ಇರಬಹುದು. ಎಂಜಿನ್ನನ್ನೋ ಗಾಡಿಯ ರೂಪವನ್ನೋ ಬದಲಿಸುವ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿ. ಮನಸ್ಸಿಗೆ ಬಂದಂತೆ ಮಾರ್ಪಡಿಸಲು 1988ರ ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಗಾಡಿಗಳಿಗೆ 2021ರಿಂದ ಪ್ರತ್ಯೇಕ ನೋಂದಣಿಯ ಅವಕಾಶವಿದೆ, ಆದರೆ ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಸೀಸರನದನ್ನು ಸೀಸರನಿಗೆ ಕೊಡುವುದೂ ಭಕ್ತಿಯ ಭಾಗವೇ. ಮತ್ತೊಂದು ಮಾತು: ಶೆಡ್ಡಿನ ಕೆಲಸ ಭಾನುವಾರದ ಬಲಿಪೂಜೆಯನ್ನೂ ಸಂಜೆಯ ಜಪಸರವನ್ನೂ ನುಂಗದಿರಲಿ.

ಇತರರ ಜೀವಕ್ಕೆ ಅಪಾಯ ತರುವಂತೆ ಕುಡಿದು ಅಥವಾ ಅತಿವೇಗದಿಂದ ಓಡಿಸುವುದು ಗುರುತರ ಅಪರಾಧವೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಐದನೆಯ ದೇವಾಜ್ಞೆಯ ವಿವರಣೆಯಲ್ಲೇ ಹೇಳುತ್ತದೆ. ಬ್ರೇಕು ಕೆಟ್ಟಿದೆಯೆಂದು ಗೊತ್ತಿದ್ದೂ ಹೊರಡುವವನ ಅಂತಃಕರಣ ಏನು ಹೇಳಬೇಕು, ನೀವೇ ಯೋಚಿಸಿ.

ಈ ವಾರ ಮನೆಯವರೆಲ್ಲ ಪ್ರಾರ್ಥನೆಗೆ ಕುಳಿತಾಗ ಒಬ್ಬರನ್ನೊಬ್ಬರು ಕೇಳಿಕೊಳ್ಳಿ. ನಮ್ಮ ಮನೆಯಲ್ಲಿ ಎಲ್ಲಿ ಪುಟ್ಟಿ ಮೆತ್ತಿದ್ದೇವೆ? ಹಿರಿಯರ ಹೆಸರಿನಲ್ಲಿ ಯಾವುದನ್ನು ಬದಲಿಸಲು ಹೆದರುತ್ತಿದ್ದೇವೆ? ಹೊಸತರ ಮೋಹದಲ್ಲಿ ಯಾವುದನ್ನು ಗುಜರಿಗೆ ಹಾಕುತ್ತಿದ್ದೇವೆ?

ಮರುವರ್ಷದ ಹಬ್ಬಕ್ಕೆ ಆ ಜೀಪು ತೇರು ಎಳೆಯಿತು. ಮಗ ಓಡಿಸಿದ, ತಂದೆ ಪಕ್ಕದಲ್ಲಿ ಕುಳಿತಿದ್ದರು. ಇಳಿಜಾರು ಬಂದಾಗ ಅವರು "ನಿಧಾನ" ಎಂದರು, ಇವನು "ಆಯ್ತಪ್ಪ" ಎಂದ. ಹಿಂದೆ ನಡೆಯುತ್ತಿದ್ದ ತಾಯಿ ಜಪಸರ ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡರು.

ದೇವಪಿತರೇ, ನಮ್ಮ ತುಕ್ಕನ್ನು ಕೆರೆಯುವ ಧೈರ್ಯವನ್ನು ನಮಗೆ ಕೊಡಿ. ನೀವು ನಮ್ಮನ್ನು ಯಾತಕ್ಕಾಗಿ ರೂಪಿಸಿದಿರೋ ಅದಕ್ಕೆ ಮತ್ತೆ ತಕ್ಕವರನ್ನಾಗಿ ಮಾಡಿ. ಆಮೆನ್.