ಇಲಿಗೆ ಹಿಡಿದ ಮದ್ದು

ಮಡಿವಾಳ ಕೆರೆಯ ದಂಡೆಯಲ್ಲಿ ಬೆಳಗ್ಗೆ ನಡೆಯುವವರ ಮಾತು ಮೊದಲೆಲ್ಲ ಸೈಟಿನ ರೇಟಿನದ್ದಿತ್ತು. ಈಗ 'ಫಾಸ್ಟಿಂಗ್ ಎಷ್ಟು ಬಂತು?' ಎಂಬಲ್ಲಿಂದಲೇ ಶುರು. ಮೊನ್ನೆ ನಮ್ಮ ಎದುರುಮನೆಯ ರಾಯರು ಮೊಬೈಲನ್ನು ಮುಖಕ್ಕೇ ಹಿಡಿದರು.

'ನೋಡ್ರೀ, ಆಂಟಿಬಯೋಟಿಕ್ ಕೊಟ್ರೆ ದಪ್ಪ ಇಲಿಗಳ ಶುಗರ್ ಇಳಿಯುತ್ತಂತೆ. ಹೋದ ತಿಂಗಳು ಹಲ್ಲುನೋವಿಗೆ ಕೊಟ್ಟಿದ್ರಲ್ಲಿ ಆರು ಮಾತ್ರೆ ಉಳಿದಿದೆ. ಯಾಕೆ ದಂಡ ಮಾಡ್ಬೇಕು?'

ಸುದ್ದಿ ಸುಳ್ಳಾಗಿದ್ದರೆ ನಕ್ಕು ಮುಂದೆ ಹೋಗಬಹುದಿತ್ತು. ಅದು ನಿಜ. 2008ರಲ್ಲಿ ಬೆಲ್ಜಿಯಂನ ಪ್ಯಾಟ್ರಿಸ್ ಕಾನಿ ಮತ್ತು ಜೊತೆಗಾರರು ಕೊಬ್ಬು ತಿಂದು ದಪ್ಪಗಾದ ಚುಂಡಿಲಿಗಳಿಗೆ ಕುಡಿಯುವ ನೀರಿನಲ್ಲಿ ಆಂಪಿಸಿಲಿನ್ ಮತ್ತು ನಿಯೋಮೈಸಿನ್ ಬೆರೆಸಿ ಕೊಟ್ಟರು. ಅವು ಸಕ್ಕರೆಯನ್ನು ನಿಭಾಯಿಸುವ ರೀತಿ ಸುಧಾರಿಸಿತು. ಅದೇ ವರ್ಷ ಮತ್ತೊಂದು ತಂಡಕ್ಕೂ ಇದೇ ಫಲ ಸಿಕ್ಕಿತು. ಅವರು ಬಳಸಿದ್ದರಲ್ಲಿ ನಾರ್‌ಫ್ಲಾಕ್ಸಸಿನ್ ಒಂದು. ಹೊಟ್ಟೆ ಕೆಟ್ಟರೆ ಮೆಡಿಕಲ್ ಶಾಪಿನವರೇ ಕತ್ತರಿಸಿ ಕೊಡುತ್ತಿದ್ದ ಅದೇ ಮಾತ್ರೆ!

ಒಳಗೆ ನಡೆಯುವುದು ಇಷ್ಟು. ಕರುಳಿನ ಕೆಲವು ಬ್ಯಾಕ್ಟೀರಿಯಾಗಳ ಹೊರಕವಚದಲ್ಲಿ ಒಂದು ವಿಷವಸ್ತು ಇರುತ್ತದೆ. ಕೊಬ್ಬಿನ ಊಟ ಅತಿಯಾದಾಗ ಅದು ಚೂರುಚೂರೇ ರಕ್ತಕ್ಕೆ ಜಿನುಗುತ್ತದೆ. ಜ್ವರ ಬರುವಷ್ಟಲ್ಲ, ಆದರೆ ಮೈಯೊಳಗೆ ಆರದ ಸಣ್ಣ ಉರಿಯೂತ. ಗಣೇಶನ ಪೆಂಡಾಲಿನ ಪಕ್ಕದ ಮನೆಗೆ ಕಾಲಿಂಗ್ ಬೆಲ್ ಕೇಳಿಸುತ್ತದೆಯೇ? ಹಾಗೆಯೇ ಸ್ನಾಯು, ಯಕೃತ್ತುಗಳಿಗೆ ಇನ್ಸುಲಿನ್ನಿನ ಕರೆ ಕೇಳಿಸದಾಗುತ್ತದೆ. ಔಷಧ ಆ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಇಲಿಯಲ್ಲಿ ಮೈಕು ನಿಂತಿತು.

ಇದೇ ಔಷಧಗಳ ಇನ್ನೊಂದು ಮುಖ ಕೋಳಿ ಸಾಕುವವರಿಗೆ ಗೊತ್ತು. 1950ರ ಹೊತ್ತಿಗೆ ಅಮೆರಿಕದ ಲೆಡರ್ಲೆ ಕಂಪನಿಯ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಮೇವಿನಲ್ಲಿ ಚಿಟಿಕೆಯಷ್ಟು ಆಂಟಿಬಯೋಟಿಕ್ ಬಿದ್ದರೆ ಕೋಳಿಮರಿ ಬೇಗ ಮೈತುಂಬಿಕೊಳ್ಳುತ್ತದೆ ಎಂದು ಕಂಡುಕೊಂಡರು. ಅಲ್ಲಿಂದ ಅದು ಲೋಕವೆಲ್ಲ ಹಬ್ಬಿತು. ವೈದ್ಯರ ಕೊನೆಯ ಅಸ್ತ್ರದಂತಿದ್ದ ಕೊಲಿಸ್ಟಿನ್ನನ್ನೂ ಕೋಳಿಗೆ ಹಾಕುತ್ತಿದ್ದರು. 2019ರಲ್ಲಿ ಭಾರತ ಅದನ್ನು ನಿಷೇಧಿಸಿತು. ಒಂದು ಕಡೆ ತೂಕ ಏರಿಸುವ ಮದ್ದು, ಇನ್ನೊಂದು ಕಡೆ ದಪ್ಪಗಿದ್ದವನ ಶುಗರ್ ಇಳಿಸುವ ಮದ್ದು. ಎರಡೂ ಹೇಗೆ ಸಾಧ್ಯ? ನಮಗೆ ಹತ್ತಿರದ ಆಡುಗೋಡಿಯಲ್ಲಿ ಪಶುಗಳ ಪೋಷಣೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಹುಲ್ಲು ಅರಗಿಸುವುದು ಹಸುವಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಎಂಬುದು ಅಲ್ಲಿ ನಿತ್ಯದ ಮಾತು. ಯಾವ ಜೀವಿ ಸತ್ತಿತು, ಯಾವುದು ಉಳಿಯಿತು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಮನುಷ್ಯರ ಮೇಲೂ ನೋಡಿಯಾಗಿದೆ. 2016ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನದಲ್ಲಿ, ಶುಗರ್ ಅಂಚಿಗೆ ಬಂದಿದ್ದ 57 ದಪ್ಪ ಗಂಡಸರಲ್ಲಿ ಕೆಲವರಿಗೆ ಅಮಾಕ್ಸಿಸಿಲಿನ್, ಕೆಲವರಿಗೆ ವ್ಯಾಂಕೋಮೈಸಿನ್, ಉಳಿದವರಿಗೆ ಬರೀ ಹುಸಿಮಾತ್ರೆಯನ್ನು ಏಳು ದಿನ ಕೊಟ್ಟರು. ಇನ್ಸುಲಿನ್ನಿನ ಕೆಲಸ ಇದ್ದಲ್ಲೇ ಇತ್ತು. ವ್ಯಾಂಕೋಮೈಸಿನ್ ತೆಗೆದುಕೊಂಡವರ ಕರುಳಿನ ಜೀವಿವೈವಿಧ್ಯ ಮಾತ್ರ ಎಂಟು ವಾರ ಕಳೆದರೂ ಪೂರ್ತಿ ಚೇತರಿಸಿಕೊಂಡಿರಲಿಲ್ಲ.

ಇನ್ನು ಗ್ಯಾಟಿಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್. ಇದು ಕರುಳಿನ ಗೊಡವೆಗೆ ಹೋಗದೆ ನೇರ ಮೇದೋಜೀರಕಕ್ಕೇ ಕೈಹಾಕುವ ಜಾತಿ. ಕೆಲವರ ಶುಗರ್ ಪಾತಾಳಕ್ಕಿಳಿಸಿತು, ಕೆಲವರದ್ದು ಅಟ್ಟಕ್ಕೇರಿಸಿತು. ಭಾರತ ಸರ್ಕಾರ 2011ರಲ್ಲಿ ಅದರ ಮಾತ್ರೆ, ಇಂಜೆಕ್ಷನ್ ಎರಡನ್ನೂ ನಿಲ್ಲಿಸಿತು. ಕಣ್ಣಿನ ಡ್ರಾಪ್ಸ್ ಮಾತ್ರ ಉಳಿಯಿತು.

ಇಷ್ಟು ಹೇಳುವಷ್ಟರಲ್ಲಿ ಕೆರೆಯ ಗೇಟು ಬಂದಿತ್ತು. ರಾಯರು ಸುಮ್ಮನಾಗುವ ಆಸಾಮಿಯಲ್ಲ.

'ಹಾಗಾದ್ರೆ ಆ ಆರು ಮಾತ್ರೆ?'

'ದಿನಕ್ಕೆ ಮೂರರಂತೆ ಐದು ದಿನಕ್ಕಲ್ವಾ ಡಾಕ್ಟರು ಬರೆದಿದ್ದು? ಆರು ಹೇಗೆ ಉಳೀತು ರಾಯರೇ?'

ರಾಯರ ನಾಲಿಗೆ ತಾನಾಗಿ ಹಿಂದಿನ ದವಡೆಯತ್ತ ಹೋಯಿತು. ನೋವು ಇನ್ನೂ ಇತ್ತೆಂದು ಕಾಣುತ್ತದೆ.